ಕಾಫಿನಾಡಿನಿಂದ ಆನ್‌ಲೈನ್ ಮಾರಾಟ: ಮೊದಲ ಪಾರ್ಸೆಲ್ ಕಳಿಸುವ ಮುನ್ನ ಮಾಡಬೇಕಾದ ತೀರ್ಮಾನಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ತೋಟದ ಕಾಫಿಪುಡಿಯನ್ನೂ ಕಾಳುಮೆಣಸನ್ನೂ ಆನ್‌ಲೈನಿನಲ್ಲಿ ಮಾರಬೇಕೆಂದಿದ್ದೇವೆ, ವೆಬ್‌ಸೈಟನ್ನು ಯಾರ ಹತ್ತಿರ ಮಾಡಿಸಬೇಕು?" ವೆಬ್‌ಸೈಟಿನ ಮಾತು ಬರುವುದಕ್ಕೆ ಮೊದಲು ಬಗೆಹರಿಸಿಕೊಳ್ಳಬೇಕಾದ ಏಳೆಂಟು ವಿಷಯಗಳಿವೆ, ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಚಿಂತೆ. ಪುಟದ ಬಣ್ಣ, ಲೋಗೋ, ಫೋಟೋಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಆದರೆ ವ್ಯಾಪಾರದ ಹೆಸರು, ಪ್ಯಾಕೆಟ್ಟಿನ ತೂಕ, ಖಾತೆಗಳು ಯಾರ ಹೆಸರಿನಲ್ಲಿರಬೇಕು, ಹೊರರಾಜ್ಯಕ್ಕೆ ಕಳಿಸಬೇಕೇ ಬೇಡವೇ ಎಂಬಂಥ ತೀರ್ಮಾನಗಳನ್ನು ಅವಸರದಲ್ಲಿ ಮಾಡಿಬಿಟ್ಟರೆ, ಅವನ್ನು ಸರಿಪಡಿಸುವುದಕ್ಕೆ ಹಣವೂ ಹಲವು ತಿಂಗಳುಗಳೂ ವ್ಯರ್ಥವಾಗುತ್ತವೆ. ಈ ಲೇಖನ ಇರುವುದು ಅಂಥ ತೀರ್ಮಾನಗಳಿಗಾಗಿ. ಉದಾಹರಣೆಗೆ ಕಾಫಿಪುಡಿಯನ್ನು ಇಟ್ಟುಕೊಂಡಿದ್ದೇನೆ. ಮೆಣಸು, ಏಲಕ್ಕಿ, ಜೇನು, ಉಪ್ಪಿನಕಾಯಿ ಮಾರುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಶುರುಮಾಡುವ ಮೊದಲು ಕೈಯಲ್ಲಿ ಇರಬೇಕಾದವು: ಪ್ಯಾನ್ ಕಾರ್ಡ್, ಮೊಬೈಲ್ ಸಂಖ್ಯೆಗೆ ಜೋಡಣೆಯಾದ ಆಧಾರ್, ಪ್ಯಾಕಿಂಗ್ ಮಾಡುವ ಜಾಗದ ವಿದ್ಯುತ್ ಬಿಲ್ಲು, ಅದು ಬಾಡಿಗೆಯ ಜಾಗವಾದರೆ ಕರಾರುಪತ್ರ, ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಲೆಕ್ಕ ಬರೆಯಲು ಒಂದು ಪುಸ್ತಕ.

ಹಂತ 1: ಯಾವ ಒಂದು ವಸ್ತುವಿನಿಂದ ಶುರು ಮಾಡುವುದು

ತೋಟದಲ್ಲಿ ಬೆಳೆಯುವುದನ್ನೆಲ್ಲ ಮೊದಲ ದಿನವೇ ಮಾರಾಟಕ್ಕೆ ಇಡಬೇಡಿ. ಪ್ರತಿ ವಸ್ತುವಿಗೂ ಬೇರೆ ಲೇಬಲ್, ಬೇರೆ ಬ್ಯಾಚ್ ಸಂಖ್ಯೆ, ಬೇರೆ ದಾಸ್ತಾನು ಬೇಕಾಗುತ್ತದೆ. ಒಂದು ವಸ್ತುವಿನ ಎರಡು ಬಗೆ ಸಾಕು. ಉದಾಹರಣೆಗೆ ಶುದ್ಧ ಕಾಫಿಪುಡಿ ಮತ್ತು ಚಿಕೋರಿ ಬೆರೆಸಿದ ಪುಡಿ.

ಆಯ್ಕೆ ಮಾಡುವಾಗ ಕಿಲೋ ತೂಕಕ್ಕೆ ಎಷ್ಟು ಬೆಲೆ ಸಿಗುತ್ತದೆ, ದಾರಿಯಲ್ಲಿ ಒಡೆಯುತ್ತದೆಯೇ ಸೋರುತ್ತದೆಯೇ, ವರ್ಷವಿಡೀ ಪೂರೈಸಬಲ್ಲಿರಾ ಎಂಬ ಮೂರನ್ನು ಕೇಳಿಕೊಳ್ಳಿ. ಹಗುರವಾದರೂ ಬೆಲೆ ಹೆಚ್ಚಿರುವ ಮೆಣಸು ಮತ್ತು ಏಲಕ್ಕಿ ಕೊರಿಯರ್ ಖರ್ಚನ್ನು ತಾಳಿಕೊಳ್ಳುತ್ತವೆ. ಅರಸೀಕೆರೆ ಕಡೆಯ ತೆಂಗಿನಕಾಯಿಯನ್ನು ಒಂದೊಂದಾಗಿ ಕಳಿಸಲು ಹೊರಟರೆ ಕಾಯಿಗಿಂತ ಸಾಗಣೆಯೇ ದುಬಾರಿಯಾಗುತ್ತದೆ. ಗಾಜಿನ ಬಾಟಲಿಯ ಜೇನಿನಿಂದ ಶುರುಮಾಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ ಒಂದು ಬಾಟಲಿ ಒಡೆದರೆ ಅದೇ ಚೀಲದಲ್ಲಿರುವ ಬೇರೆಯವರ ಪಾರ್ಸೆಲ್‌ಗಳೂ ಹಾಳಾಗುತ್ತವೆ.

ಮಲೆನಾಡಿನ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ಇರುತ್ತದೆ, ವಿದ್ಯುತ್ ಕೈಕೊಡುತ್ತದೆ, ಶಿರಾಡಿ ಮತ್ತು ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿದರೆ ಕರಾವಳಿಯ ದಾರಿ ನಿಲ್ಲುತ್ತದೆ. ಚೆನ್ನಾಗಿ ಒಣಗದ ಮೆಣಸನ್ನು ಆಷಾಢದಲ್ಲಿ ಪ್ಯಾಕ್ ಮಾಡಿದರೆ ಒಳಗೇ ಬೂಸಲು ಹಿಡಿಯುತ್ತದೆ.

ಹಂತ 2: ಬೆಲೆ ಮತ್ತು ಪ್ಯಾಕೆಟ್ಟಿನ ತೂಕ

ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ. ಪೇಟೆಯ ಅಂಗಡಿಯ ಕಾಫಿಪುಡಿಯ ದರಕ್ಕೆ ಸ್ವಲ್ಪ ಸೇರಿಸಿ ಆನ್‌ಲೈನ್ ಬೆಲೆ ಇಡುವುದು ಸಾಮಾನ್ಯ ರೂಢಿ. ಅಂಗಡಿಯವರಿಗೆ ಪೆಟ್ಟಿಗೆಯ ಖರ್ಚಿಲ್ಲ, ಕೊರಿಯರ್ ಇಲ್ಲ, ಮರಳಿ ಬರುವ ಪಾರ್ಸೆಲ್ ಇಲ್ಲ ಎಂಬುದು ಆ ರೂಢಿಯಲ್ಲಿ ಮರೆತುಹೋಗುತ್ತದೆ.

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ನಿಮ್ಮ ದರಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. 500 ಗ್ರಾಂ ಪುಡಿಯನ್ನು ತೆರಿಗೆಯೂ ಸಾಗಣೆಯೂ ಸೇರಿ 450 ರೂಪಾಯಿಗೆ ಮಾರುತ್ತೀರಿ ಎಂದುಕೊಳ್ಳೋಣ. ಹುರಿದ ಕಾಫಿಗೆ ಜಿಎಸ್‌ಟಿ ಶೇ 5. ಆದ್ದರಿಂದ ಅದರಲ್ಲಿ ಸುಮಾರು 21 ರೂಪಾಯಿ ಸರ್ಕಾರದ್ದು, ನಿಮ್ಮ ಕೈಗೆ ಬರುವುದು 429. ಹುರಿಯುವಾಗ ಬೀಜದ ತೂಕ ಶೇ 15ರಿಂದ 18ರಷ್ಟು ಇಳಿಯುವುದರಿಂದ 500 ಗ್ರಾಂ ಪುಡಿಗೆ ಸುಮಾರು 600 ಗ್ರಾಂ ಹಸಿ ಬೀಜ ಬೇಕು. ಕಿಲೋಗೆ 420ರಂತೆ ಅದು 252 ರೂಪಾಯಿ. ಸ್ವಂತ ತೋಟದ ಬೀಜವಾದರೂ ಈ ಮೊತ್ತವನ್ನು ಬರೆಯಲೇಬೇಕು, ಏಕೆಂದರೆ ಅದೇ ಬೀಜವನ್ನು ವ್ಯಾಪಾರಿಗೆ ಹಾಕಿದ್ದರೆ ಆ ಹಣ ಬರುತ್ತಿತ್ತು. ಹುರಿದು ಪುಡಿ ಮಾಡಿಸುವ ಕೂಲಿ 24, ಪೌಚ್ ಮತ್ತು ಲೇಬಲ್ 14, ಪೆಟ್ಟಿಗೆ ಮತ್ತು ಟೇಪು 12, ಕೊರಿಯರ್ 70. ಪೇಮೆಂಟ್ ಗೇಟ್‌ವೇ, ಅಂದರೆ ಗ್ರಾಹಕರ ಕಾರ್ಡಿನಿಂದ ಅಥವಾ ಬ್ಯಾಂಕಿನಿಂದ ಹಣ ಪಡೆದು ನಿಮ್ಮ ಖಾತೆಗೆ ಹಾಕುವ ಸೇವೆ, ಶೇ 2ರಷ್ಟು ಶುಲ್ಕವನ್ನೂ ಅದರ ಮೇಲೆ ಶೇ 18 ಜಿಎಸ್‌ಟಿಯನ್ನೂ ಹಿಡಿದರೆ ಸುಮಾರು 11. ಎಲ್ಲ ಸೇರಿ 383 ರೂಪಾಯಿ. ಉಳಿಯುವುದು 46. ಇದರಲ್ಲಿ ನಿಮ್ಮ ದುಡಿಮೆಗೆ ಸಂಬಳವಿಲ್ಲ, ಜಾಹೀರಾತಿಗೆ ಕಾಸಿಲ್ಲ.

ಈಗ ಹತ್ತರಲ್ಲಿ ಒಂದು ಪಾರ್ಸೆಲ್ ಮರಳಿ ಬಂತು ಎಂದು ಇಟ್ಟುಕೊಳ್ಳಿ. ಹೋಗುವ 70, ಬರುವ 70, ಹರಿದ ಪೆಟ್ಟಿಗೆಯ 12, ಒಟ್ಟು 152 ರೂಪಾಯಿ ನಷ್ಟ. ಹತ್ತು ಆರ್ಡರ್‌ಗಳಿಂದ 460 ಬರಬೇಕಾಗಿದ್ದಲ್ಲಿ ಬರುವುದು 262. ಕ್ಯಾಶ್ ಆನ್ ಡೆಲಿವರಿಯಲ್ಲಿ, ಅಂದರೆ ಬಾಗಿಲಿಗೆ ಬಂದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ, ಪಾರ್ಸೆಲ್ ಬೇಡವೆನ್ನುವುದು ಸುಲಭವಾದ್ದರಿಂದ ಮೊದಲ ಆರು ತಿಂಗಳು ಅದನ್ನು ಇಡದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ತೂಕ. ಕೊರಿಯರ್ ದರಗಳು ಸಾಮಾನ್ಯವಾಗಿ 500 ಗ್ರಾಂಗಳ ಸ್ಲ್ಯಾಬ್‌ಗಳಲ್ಲಿ, ಅಂದರೆ ತೂಕದ ಮೆಟ್ಟಿಲುಗಳಲ್ಲಿ ಏರುತ್ತವೆ. 500 ಗ್ರಾಂ ಪುಡಿಯ ಪೌಚನ್ನು ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಬಿಲ್ಲು ಅಂಟಿಸಿ ತಕ್ಕಡಿಯ ಮೇಲಿಡಿ: 570, 580 ಗ್ರಾಂ ತೋರಿಸುತ್ತದೆ. ಆ ಎಂಬತ್ತು ಗ್ರಾಂಗಾಗಿ ನೀವು ಒಂದು ಕಿಲೋದ ದರ ಕೊಡುತ್ತೀರಿ. 200 ಗ್ರಾಂನ ಎರಡು ಪೌಚ್‌ಗಳನ್ನು ಸಣ್ಣ ಪೆಟ್ಟಿಗೆಗೆ ಹಾಕಿದರೆ 500ರ ಒಳಗೇ ನಿಲ್ಲುತ್ತದೆ. ಲೇಬಲ್ಲನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿದ ಮೇಲೆ ಈ ಸಂಗತಿ ಗೊತ್ತಾದರೆ ಅವೆಲ್ಲ ರದ್ದಿಗೆ ಹೋಗುತ್ತವೆ; ತಕ್ಕಡಿಯನ್ನು ಮೊದಲು ಕೊಳ್ಳಿ, ಲೇಬಲ್ಲನ್ನು ಆಮೇಲೆ.

ಪೆಟ್ಟಿಗೆಯ ಗಾತ್ರಕ್ಕೂ ದರವಿದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಅಂಕಿಯನ್ನು ಗಾತ್ರದ ತೂಕ ಎನ್ನುತ್ತಾರೆ. ಹಲವು ಕೊರಿಯರ್ ಕಂಪನಿಗಳು ನಿಜವಾದ ತೂಕ ಮತ್ತು ಗಾತ್ರದ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತವೆ. 30, 20, 15 ಸೆಂಟಿಮೀಟರಿನ ಪೆಟ್ಟಿಗೆಯ ಗಾತ್ರದ ತೂಕ 1.8 ಕಿಲೋ. ಅದರಲ್ಲಿ 400 ಗ್ರಾಂ ಪುಡಿಯಿದ್ದರೂ ಎರಡು ಕಿಲೋದ ದರವೇ ಬೀಳುತ್ತದೆ.

ಹಂತ 3: ಕರ್ನಾಟಕದ ಒಳಗೋ, ಹೊರಗೂ?

"ನಮ್ಮ ವಹಿವಾಟು 40 ಲಕ್ಷ ದಾಟುವುದಿಲ್ಲ, ನಮಗೆ ಜಿಎಸ್‌ಟಿ ಯಾಕೆ?" ಎಂದು ಅನೇಕರು ಕೇಳುತ್ತಾರೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷದ ಮಿತಿ ಇರುವುದು ನಿಜ, ಆದರೆ ಅದು ರಾಜ್ಯದೊಳಗೆ ಮಾತ್ರ ಮಾರುವವರಿಗೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯದ ಗ್ರಾಹಕರಿಗೆ ಮಾರಿದರೆ, ವಹಿವಾಟು ಎಷ್ಟೇ ಇರಲಿ, ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ಸಕಲೇಶಪುರದಿಂದ ಚೆನ್ನೈಗೋ ಕೊಚ್ಚಿಗೋ ಹೋಗುವ ಒಂದೇ ಒಂದು ಕಾಫಿಪುಡಿ ಪೊಟ್ಟಣಕ್ಕೂ ಇದು ಅನ್ವಯ. ಸ್ವಂತ ಜಮೀನಿನ ಫಸಲನ್ನು ಮಾರುವ ಕೃಷಿಕರಿಗೆ ಆ ಮಾರಾಟದ ಮಟ್ಟಿಗೆ ನೋಂದಣಿಯಿಂದ ವಿನಾಯಿತಿ ಇದೆ. ಬೀಜವನ್ನು ಹುರಿದು, ಪುಡಿ ಮಾಡಿ, ಹೆಸರು ಹಾಕಿ ಮಾರತೊಡಗಿದಾಗ ಅದು ಬೇರೆಯೇ ವ್ಯಾಪಾರವಾಗುತ್ತದೆ.

ಹೀಗಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ. ಮೊದಲ ಕೆಲವು ತಿಂಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಗೆ ಮಾತ್ರ ಕಳಿಸುತ್ತೇವೆಂದು ನಿರ್ಧರಿಸಿದರೆ ಮಿತಿ ದಾಟುವವರೆಗೆ ನೋಂದಣಿಯಿಲ್ಲದೆ ನಡೆಸಬಹುದು. 2023ರ ಅಕ್ಟೋಬರ್ 1ರಿಂದ ಅಂಥ ಸಣ್ಣ ಮಾರಾಟಗಾರರು ಜಿಎಸ್‌ಟಿ ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇ-ಕಾಮರ್ಸ್ ತಾಣಗಳ ಮೂಲಕವೂ ರಾಜ್ಯದೊಳಗೆ ಮಾರಬಹುದು. ದೇಶವಿಡೀ ಮಾರುವುದಾದರೆ ಮೊದಲೇ ನೋಂದಣಿ ಮಾಡಿಸಿ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ, ಆದರೆ ಮಾರಾಟವಿಲ್ಲದ ಅವಧಿಗೂ ರಿಟರ್ನ್, ಅಂದರೆ ತೆರಿಗೆಯ ವಿವರಪತ್ರ, ಸಲ್ಲಿಸಲೇಬೇಕು. ಶೂನ್ಯ ರಿಟರ್ನ್ ತಡವಾದರೆ ದಿನಕ್ಕೆ 20 ರೂಪಾಯಿ ದಂಡ ಬೆಳೆಯುತ್ತ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ: ಕಡಿಮೆ ತೆರಿಗೆಯ ಆಸೆಗೆ ಕಾಂಪೊಸಿಷನ್, ಅಂದರೆ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ. ಅಂಚೆಪೆಟ್ಟಿಗೆ ತುಂಬ ಹೊರರಾಜ್ಯದ ಆರ್ಡರ್‌ಗಳಿದ್ದರೂ ಕೈಕಟ್ಟಿ ಕೂರಬೇಕಾಗುತ್ತದೆ.

ತೋಟದ ಮಾಲೀಕರು ಆದಾಯ ತೆರಿಗೆಯ ಒಂದು ನಿಯಮವನ್ನೂ ತಿಳಿದಿರಬೇಕು. ಕಾಫಿ ಬೆಳೆದು ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆದು ಬೀಜವನ್ನು ಹದಗೊಳಿಸುವ ಕೆಲಸ, ಮಾಡಿ ಮಾರಿದರೆ ಬಂದ ಆದಾಯದ ಶೇ 25ನ್ನು ವ್ಯಾಪಾರದ ಆದಾಯವೆಂದು ಪರಿಗಣಿಸುತ್ತಾರೆ; ಬೆಳೆದವರೇ ಹುರಿದು ಪುಡಿ ಮಾಡಿ ಮಾರಿದರೆ ಅದು ಶೇ 40. ಉಳಿದದ್ದು ಕೃಷಿ ಆದಾಯ. ತೋಟದ ಖರ್ಚಿನ ಪುಸ್ತಕವನ್ನೂ ಪುಡಿ ವ್ಯಾಪಾರದ ಪುಸ್ತಕವನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಇಡಿ ಎಂದು ಲೆಕ್ಕಪರಿಶೋಧಕರು ಹೇಳುವುದು ಇದಕ್ಕೇ.

ಹಂತ 4: ಹೆಸರು

ಊರಿನ ಹೆಸರನ್ನೇ ವ್ಯಾಪಾರಕ್ಕೆ ಇಡುವ ಆಸೆ ಸಹಜ. ಆದರೆ 'ಚಿಕ್ಕಮಗಳೂರು ಕಾಫಿ', 'ಮಲೆನಾಡು ಮೆಣಸು' ಎಂಬಂಥ ಹೆಸರುಗಳು ಸ್ಥಳವನ್ನೂ ಸರಕನ್ನೂ ಮಾತ್ರ ಸೂಚಿಸುವುದರಿಂದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಅವನ್ನು ನಿಮ್ಮದೆಂದು ಕಾಯ್ದುಕೊಳ್ಳುವುದು ಬಹಳ ಕಷ್ಟ. ನಾಳೆ ಪಕ್ಕದ ತೋಟದವರು ಅದೇ ಹೆಸರಿನಲ್ಲಿ ಮಾರಿದರೆ ತಡೆಯಲಾಗದು.

ಇನ್ನೊಂದು ತೊಡಕೂ ಇದೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೂರ್ಗ್ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಭೌಗೋಳಿಕ ಸೂಚಕ ಎಂದರೆ ಒಂದು ಪ್ರದೇಶದಲ್ಲಿ ಬೆಳೆದ ಸರಕಿಗೆ ಮಾತ್ರ ಸಲ್ಲುವ, ಕಾನೂನಿನ ರಕ್ಷಣೆಯಿರುವ ಹೆಸರು. ಅದರ ಲಾಂಛನವನ್ನು ಪ್ಯಾಕೆಟ್ಟಿನ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬೇರೆಡೆಯ ರೊಬಸ್ಟಾ ಬೆರೆಸಿದ ಪುಡಿಗೆ ಬಾಬಾಬುಡನ್‌ಗಿರಿಯ ಹೆಸರು ಹಚ್ಚುವುದು ಕಾನೂನಿಗೂ ವಿರುದ್ಧ, ಆ ಬೆಟ್ಟದ ಬೆಳೆಗಾರರಿಗೂ ಮಾಡುವ ಅನ್ಯಾಯ.

ನಿಮ್ಮ ತೋಟದ ಹಳೆಯ ಹೆಸರು, ಮನೆತನದ ಹೆಸರು, ಅಥವಾ ಸರಕಿಗೆ ನೇರ ಸಂಬಂಧವಿಲ್ಲದ, ಎರಡು ಮೂರು ಅಕ್ಷರಗಳ ಒಂದು ಕನ್ನಡ ಪದ ಒಳ್ಳೆಯ ಆಯ್ಕೆ. ಅದನ್ನು ಕನ್ನಡ ಬಾರದವರಿಗೆ ಫೋನಿನಲ್ಲಿ ಒಮ್ಮೆ ಹೇಳಿ, ಇಂಗ್ಲಿಷಿನಲ್ಲಿ ಬರೆಯಲು ಕೇಳಿ. ಮೂವರು ಮೂರು ರೀತಿ ಬರೆದರೆ ಹೆಸರನ್ನು ಬದಲಿಸಿ, ಏಕೆಂದರೆ ಗ್ರಾಹಕರು ನಿಮ್ಮನ್ನು ಹುಡುಕುವುದು ಆ ಅಕ್ಷರಗಳಿಂದಲೇ. ಹೆಸರು ಗಟ್ಟಿಯಾದ ಮೇಲೆ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ 30ನೇ ವರ್ಗದಲ್ಲಿ, ಅಂದರೆ ಕಾಫಿ ಮತ್ತು ಸಾಂಬಾರ ಪದಾರ್ಥಗಳ ವರ್ಗದಲ್ಲಿ, ಅದೇ ಹೆಸರು ಬೇರೆಯವರಿಗೆ ಇದೆಯೇ ಎಂದು ಉಚಿತವಾಗಿ ಹುಡುಕಿ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4500 ರೂಪಾಯಿ ಶುಲ್ಕ; ನೋಂದಣಿಯಾದರೆ 10 ವರ್ಷ ಊರ್ಜಿತವಾಗಿರುತ್ತದೆ.

ಹಂತ 5: ಮಾಲೀಕತ್ವ ಮತ್ತು ಖಾತೆಗಳು

ಒಬ್ಬರೇ ನಡೆಸುವುದಾದರೆ ಏಕವ್ಯಕ್ತಿ ಮಾಲೀಕತ್ವ ಸಾಕು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಅಗತ್ಯ ಮೊದಲ ವರ್ಷ ಬಹುತೇಕ ಯಾರಿಗೂ ಇರುವುದಿಲ್ಲ. ಉದ್ಯಮ್ ನೋಂದಣಿಯನ್ನು, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಗುರುತನ್ನು, ಸರ್ಕಾರದ ಜಾಲತಾಣದಲ್ಲಿ ಆಧಾರ್ ಮೂಲಕ ನೀವೇ ಉಚಿತವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಹಣ ಕೇಳುವ ಖಾಸಗಿ ತಾಣಗಳು ಸರ್ಕಾರದ್ದೇ ಎಂಬಂತೆ ಕಾಣುತ್ತವೆ, ಮೋಸಹೋಗಬೇಡಿ.

ಅಣ್ಣತಮ್ಮಂದಿರು, ಗೆಳೆಯರು, ಅತ್ತೆ ಸೊಸೆಯರು ಸೇರಿ ಮಾಡುವುದಾದರೆ ಪಾಲುದಾರಿಕೆ ಪತ್ರವನ್ನು ಛಾಪಾ ಕಾಗದದಲ್ಲಿ ಬರೆಸಿ. ಯಾರ ಪಾಲೆಷ್ಟು, ದುಡಿಯುವವರಿಗೆ ಸಂಬಳವೆಷ್ಟು, ಒಬ್ಬರು ಬಿಟ್ಟುಹೋದರೆ ಬ್ರ್ಯಾಂಡಿನ ಹೆಸರು ಯಾರಿಗೆ ಉಳಿಯುತ್ತದೆ ಎಂಬುದು ಅದರಲ್ಲಿರಬೇಕು. ಸಂಬಂಧ ಚೆನ್ನಾಗಿರುವಾಗ ಈ ಮಾತನ್ನು ಎತ್ತುವುದು ಮುಜುಗರವೆನಿಸುತ್ತದೆ. ಕೆಟ್ಟ ಮೇಲೆ ಎತ್ತುವುದು ಸಾಧ್ಯವೇ ಆಗುವುದಿಲ್ಲ.

ಡೊಮೈನ್, ಅಂದರೆ ಜಾಲತಾಣದ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಿಂದ, ನಿಮ್ಮ ಕಾರ್ಡಿನ ಹಣದಿಂದ ಕೊಂಡದ್ದಾಗಿರಬೇಕು. ವೆಬ್‌ಸೈಟ್ ಮಾಡಿಕೊಡುವವರೇ ತಮ್ಮ ಖಾತೆಯಲ್ಲಿ ಅದನ್ನು ಕೊಳ್ಳುವ ರೂಢಿ ನಮ್ಮ ಕಡೆ ವ್ಯಾಪಕವಾಗಿದೆ. ಹಾಗೆ ಮಾಡಿಸಿಕೊಂಡ ಓದುಗರೊಬ್ಬರು, ಎರಡು ವರ್ಷದ ನಂತರ ಆ ವ್ಯಕ್ತಿ ಫೋನ್ ಎತ್ತದಿದ್ದಾಗ, ಪ್ಯಾಕೆಟ್ಟುಗಳ ಮೇಲೆಲ್ಲ ಅಚ್ಚಾಗಿದ್ದ ವಿಳಾಸವನ್ನೇ ಕಳೆದುಕೊಂಡರು. ಇನ್‌ಸ್ಟಾಗ್ರಾಂ ಪುಟ, ವಾಟ್ಸ್‌ಆ್ಯಪ್ ಬಿಸಿನೆಸ್ ಸಂಖ್ಯೆಗಳಿಗೂ ಇದೇ ಮಾತು. ವ್ಯಾಪಾರಕ್ಕೆಂದೇ ಒಂದು ಸಿಮ್, ಒಂದು ಇಮೇಲ್, ಒಂದು ಚಾಲ್ತಿ ಖಾತೆ ಮಾಡಿಕೊಳ್ಳಿ.

ಹಂತ 6: ಆಹಾರ ಪರವಾನಗಿ ಮತ್ತು ಲೇಬಲ್

ಆಹಾರ ಪದಾರ್ಥ ಮಾರುವ ಎಲ್ಲರಿಗೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು. ವಾರ್ಷಿಕ ವಹಿವಾಟು ನಿಗದಿತ ಮಿತಿಯೊಳಗಿದ್ದರೆ ಸರಳ ನೋಂದಣಿ, ಅದಕ್ಕೂ ಮೇಲೆ ಪರವಾನಗಿ. ಅರ್ಜಿ ಹಾಕುವ ದಿನ ಆ ಪ್ರಾಧಿಕಾರದ ಫಾಸ್ಕಾಸ್ ಎಂಬ ಜಾಲತಾಣದಲ್ಲಿ ನಿಮ್ಮ ವರ್ಗವನ್ನು ಆರಿಸಿದರೆ ಯಾವುದು ಬೇಕೆಂದು ಅದೇ ತೋರಿಸುತ್ತದೆ. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ಟಿನ ಮೇಲೂ ಹಾಕಬೇಕು. ಪ್ಯಾಕಿಂಗ್ ಮಾಡುವ ಜಾಗದ ವಿಳಾಸವನ್ನೇ ಅರ್ಜಿಯಲ್ಲಿ ಕೊಡಿ. ನಿಮ್ಮ ತೋಟದ ಪಿನ್‌ಕೋಡಿಗೆ ಬಂದು ಕೊರಿಯರ್‌ನವರು ಪಾರ್ಸೆಲ್ ಎತ್ತುವುದಿಲ್ಲವಾದರೆ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ಕೋಣೆ ಹಿಡಿದು ಅಲ್ಲಿಂದ ಕಳಿಸುವ ತೀರ್ಮಾನವನ್ನು ಈ ಅರ್ಜಿಗೆ ಮೊದಲೇ ಮಾಡಿ. ಆಮೇಲೆ ವಿಳಾಸ ಬದಲಿಸಲು ಜಿಎಸ್‌ಟಿ, ಆಹಾರ ಪರವಾನಗಿ, ಲೇಬಲ್ ಮೂರನ್ನೂ ತಿದ್ದಬೇಕಾಗುತ್ತದೆ. ಮನೆಯ ಹತ್ತಿರ ಅಂಚೆ ಕಚೇರಿಯಿದ್ದರೆ ಸ್ಪೀಡ್ ಪೋಸ್ಟ್ ಸಾಕೇ ಎಂದೂ ವಿಚಾರಿಸಿ.

ಲೇಬಲ್ಲಿನ ಮೇಲೆ ಸರಕಿನ ಹೆಸರು, ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಪೂರ್ಣ ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಂ ಅಥವಾ ಕಿಲೋ ಲೆಕ್ಕದ ಏಕಮಾನ ಬೆಲೆ, ತಯಾರಿಕೆಯ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ದೂರಿಗೆ ಫೋನ್ ಮತ್ತು ಇಮೇಲ್ ಇರಬೇಕು. ಚಿಕೋರಿ ಬೆರೆತಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಸ್ಪಷ್ಟವಾಗಿ ಬರೆಯುವುದು ಕಡ್ಡಾಯ, ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಪ್ಯಾಕ್ ಮಾಡುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಕೆಲಸ ಶುರುವಾದ 90 ದಿನದೊಳಗೆ ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ.

ಪೌಚಿನ ಬಗ್ಗೆಯೂ ಒಂದು ಮಾತು. ಹೊಸದಾಗಿ ಹುರಿದ ಕಾಫಿ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುರಿದ ದಿನವೇ ಮಾಮೂಲಿ ಪೌಚಿಗೆ ತುಂಬಿ ಬಿಗಿಯಾಗಿ ಸೀಲ್ ಮಾಡಿದರೆ ಅದು ದಿಂಬಿನಂತೆ ಉಬ್ಬಿ, ಕೆಲವೊಮ್ಮೆ ಅಂಚಿನಲ್ಲಿ ಬಿರಿಯುತ್ತದೆ. ಒಳಗಿನ ಗಾಳಿಯನ್ನು ಹೊರಗೆ ಮಾತ್ರ ಬಿಡುವ ವಾಲ್ವ್ ಇರುವ ಪೌಚನ್ನೇ ಕೊಳ್ಳಿ, ಅದರ ಬೆಲೆಯನ್ನು 2ನೇ ಹಂತದ ಲೆಕ್ಕದಲ್ಲಿ ಸೇರಿಸಿ.

ಹಂತ 7: ಎಲ್ಲಿ ಮಾರುವುದು

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ತಾಣಗಳಲ್ಲಿ ಗ್ರಾಹಕರು ಆಗಲೇ ಇದ್ದಾರೆ, ಆದರೆ ಶುಲ್ಕಗಳು ಹಲವು, ಮತ್ತು ಗ್ರಾಹಕರ ಪರಿಚಯ ತಾಣಕ್ಕೇ ಉಳಿಯುತ್ತದೆ. ಸ್ವಂತ ವೆಬ್‌ಸೈಟಿನಲ್ಲಿ ಗ್ರಾಹಕರು ನಿಮ್ಮವರು, ಆದರೆ ಅವರನ್ನು ಕರೆತರುವ ಖರ್ಚೂ ನಿಮ್ಮದು. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿ ಹಾಕಿ, ಯುಪಿಐ ಮೂಲಕ ಹಣ ಪಡೆದು, ಕೈಬರಹದಲ್ಲಿ ಆರ್ಡರ್ ಬರೆದುಕೊಂಡು ನಡೆಸುವುದು ಮೊದಲ ಮೂರು ತಿಂಗಳಿಗೆ ಧಾರಾಳವಾಗಿ ಸಾಕು. ಪೇಮೆಂಟ್ ಗೇಟ್‌ವೇ ಬೇಕೆಂದಾಗ ನಿಮ್ಮ ಪುಟದಲ್ಲಿ ಸಂಪರ್ಕ ವಿಳಾಸ, ಸಾಗಣೆ, ಹಣ ವಾಪಸಾತಿ, ಖಾಸಗಿತನದ ನಿಯಮಗಳು ಇವೆಯೇ ಎಂದು ಅವರು ನೋಡುತ್ತಾರೆ. ಈ ನಿಯಮಗಳನ್ನು ಬೇರೆಯವರ ಪುಟದಿಂದ ನಕಲು ಮಾಡಬೇಡಿ: ಏಳು ದಿನದಲ್ಲಿ ಹಣ ವಾಪಸ್ ಎಂದು ಬರೆದಿದ್ದರೆ ಏಳು ದಿನದಲ್ಲಿ ಕೊಡಬೇಕಾಗುತ್ತದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಹಂತ 8: ಮೊದಲ ಇಪ್ಪತ್ತೈದು ಪಾರ್ಸೆಲ್‌ಗಳು

ಇವನ್ನು ಪರಿಚಯದವರಿಗೇ ಕಳಿಸಿ, ಆದರೆ ಪೂರ್ತಿ ಬೆಲೆ ಪಡೆದುಕೊಂಡು ಕಳಿಸಿ. ಉಚಿತವಾಗಿ ಪಡೆದವರು ಯಾವ ತಪ್ಪನ್ನೂ ಹೇಳುವುದಿಲ್ಲ. ಕನಿಷ್ಠ ಐದು ಪಾರ್ಸೆಲ್ ಉತ್ತರ ಕರ್ನಾಟಕದ ಸಣ್ಣ ಊರುಗಳಿಗೆ ಹೋಗಲಿ. ಪ್ರತಿ ಪಾರ್ಸೆಲ್ಲಿಗೂ ಕಳಿಸಿದ ದಿನ, ತಲುಪಿದ ದಿನ, ನೀವು ತೂಗಿದ ತೂಕ, ಕೊರಿಯರ್‌ನವರು ಬಿಲ್ಲಿನಲ್ಲಿ ಹಾಕಿದ ತೂಕ, ಪೆಟ್ಟಿಗೆ ಯಾವ ಸ್ಥಿತಿಯಲ್ಲಿ ಸೇರಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ, ಪೆಟ್ಟಿಗೆ ಬಿಚ್ಚುವ ಮುಂಚಿನ ಒಂದು ಫೋಟೋ ಕಳಿಸುವಂತೆ ಪಡೆದವರನ್ನು ಕೇಳಿ. ತೂಕದಲ್ಲಿ ವ್ಯತ್ಯಾಸ ಬಂದರೆ, ತಕ್ಕಡಿಯ ಮೇಲಿಟ್ಟು ತೆಗೆದ ಫೋಟೋ ಇಲ್ಲದೆ ನಿಮ್ಮ ತಕರಾರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಆ ಫೋಟೋವನ್ನು ಮೊದಲ ಪಾರ್ಸೆಲ್ಲಿನಿಂದಲೇ ತೆಗೆದಿಡಿ.

ಇಪ್ಪತ್ತೈದೂ ತಲುಪಿದ ಮೇಲೆ 2ನೇ ಹಂತದ ಲೆಕ್ಕವನ್ನು ತೆರೆದು, ಅಂದಾಜಿನ ಅಂಕಿಗಳನ್ನು ಹೊಡೆದು ಹಾಕಿ, ನಿಜವಾದ ಅಂಕಿಗಳನ್ನು ಬರೆಯಿರಿ. ಕೊನೆಯ ಸಾಲಿನಲ್ಲಿ ನಿಮ್ಮ ದುಡಿಮೆಗೆ ತಕ್ಕ ಮೊತ್ತ ಉಳಿದಿದ್ದರೆ, ವೆಬ್‌ಸೈಟ್ ಮಾಡಿಕೊಡುವವರಿಗೆ ಫೋನ್ ಮಾಡಲು ಅದು ಸರಿಯಾದ ದಿನ.